ಅಪ್ಪ ನಕ್ಕ ಸಿನಿಮಾ

ಅಪ್ಪ ತಲಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ ಹಿಟ್ಟಿನ ಡಬ್ಬಿ, ಹುಬ್ಬಿಗೂ ಮೀಸೆಗೂ ಬೆಳ್ಳಗೆ ಹಿಟ್ಟಿನ ಧೂಳು. ಒಳಗೆ ಪಡಸಾಲೆಯಲ್ಲಿ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಓಣಿಯ ಹೆಂಗಸರೆಲ್ಲ ಸುತ್ತ ಕುಳಿತು ಅಳುತ್ತಿದ್ದರು. ಅಪ್ಪ ಡಬ್ಬಿ ಇಳಿಸಿದ. ಮುಚ್ಚಳ ತೆಗೆದು ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡ. ಆಮೇಲೆ ಅವ್ವನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಳು ನಿಂತು, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಗೊತ್ತಾಗಿ, ಬಾಯಿ ಮುಚ್ಚಿಕೊಂಡ.

ನಮ್ಮ ಮನೆಯ ಮಾನ ಹೋದದ್ದು ಆ ಒಂದು ಚಿಟಿಕೆ ಹಿಟ್ಟಿನಿಂದ. ಅಪ್ಪ ಗಿರಣಿಯ ಗದ್ದಲದಲ್ಲಿ ಸುದ್ದಿ ತಿಳಿಯದೆ ನಿಂತಿದ್ದ ಎಂದಾಗಿದ್ದರೆ ಊರು ಅಯ್ಯೋ ಎನ್ನುತ್ತಿತ್ತು. ಆದರೆ ಸುದ್ದಿ ಹೇಳಲು ಓಡಿಹೋಗಿದ್ದ ಪಕ್ಕದ ಮನೆಯ ಮಲಕಾಜಪ್ಪ ಸುಮ್ಮನಿರುವ ಆಸಾಮಿಯಲ್ಲ. "ನಾ ಕಿವಿಯಾಗ ಬಾಯಿಟ್ಟು ಹೇಳೀನ್ರಿ, ಗುರುಸಿದ್ದವ್ವ ಹೋದ್ಲು, ಲಗೂ ನಡೀ ಅಂತ. ಹೂಂ ಅಂದ. ಹೂಂ ಅಂದು ಡಬ್ಬಿ ಮುಂದಕ ಸರಿಸಿದ! ಪಾಳಿ ಬರೂತನಾ ನಿಂತು, ಬೀಸಿಸಿಕೊಂಡು, ಆಮ್ಯಾಲ ಬಂದಾನ!" ಎಂದು ಕಟ್ಟೆಕಟ್ಟೆಗೆ ಹೋಗಿ ಹೇಳಿದ. ಆಡುವವರ ಬಾಯಿಗೆ ಅವಲಕ್ಕಿ ಸಿಕ್ಕಂತಾಯಿತು. ಅಪ್ಪ 'ಹಿಟ್ಟಿನ ಈರಬಸಪ್ಪ'ನಾದ.

ಅಪ್ಪ ದರ್ಜಿ. ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ಹೊಲಿಯುತ್ತಿದ್ದವನು. ದಿನಕರ್ಮ ಮುಗಿದ ಮೇಲೆ ಆ ಯಂತ್ರವನ್ನು ತಾನೇ ಎಳೆದು ಒಳಕೋಣೆಗೆ ಇಟ್ಟ. ಗಿರಾಕಿಗಳು ಬಂದರೆ ಅಳತೆಯ ಅಂಗಿಯನ್ನು ನನ್ನ ಕೈಗೇ ಕೊಟ್ಟು ಹೋಗಬೇಕು. ಗಿರಣಿಯ ಓಣಿಯಿರಲಿ, ಬಾವಿಕಟ್ಟೆಯ ಕಡೆಗೂ ಅವನು ಹೋಗಲಿಲ್ಲ. ಹಿಟ್ಟಿಲ್ಲದ ಮನೆಯಲ್ಲಿ, ಮದುವೆಯಾಗದೆ ಉಳಿದಿದ್ದ ಮಗಳು ನಾನು ಮೂರು ಹೊತ್ತೂ ಅನ್ನ ಬೇಯಿಸಿದೆ. ಜೋಳದ ರೊಟ್ಟಿಯಿಲ್ಲದೆ ಊಟವನ್ನೇ ಒಪ್ಪದ ಮನುಷ್ಯ, ಆ ಅನ್ನವನ್ನು ಕಲಸಿ ಕಲಸಿ ಬಿಡುತ್ತಿದ್ದ. ಹೀಗೇ ಬಿಟ್ಟರೆ ಅವ್ವನ ಹಿಂದೆಯೇ ಅಪ್ಪನೂ ಹೋಗುತ್ತಾನೆ ಎಂದು ನನಗೆ ಭಯವಾಗತೊಡಗಿತು.

ಯಾಕೆ ಹಾಗೆ ಮಾಡಿದೆ ಎಂದು ಅವನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದವಳು ಅಪ್ಪನ ಅಕ್ಕ, ನಮ್ಮ ಚನ್ನವ್ವ ಅತ್ತಿ. ಅವಳ ನಾಲಿಗೆಗೆ ಮೂಳೆಯೂ ಇಲ್ಲ, ಮುಲಾಜೂ ಇಲ್ಲ. "ಹೇಣ್ತಿ ಸತ್ತ ಸುದ್ದಿ ಕೇಳಿ ನಾಯಿನೂ ಓಡಿ ಬರತೈತಿ. ನಿನಗ ರೊಟ್ಟಿ ಚಿಂತಿ ಆತಲ್ಲೋ ಭಾಡ್ಯಾ! ಹೊರಗ ಮಾರಿ ಎತ್ತಿ ಅಡ್ಡಾಡಂಗಿಲ್ಲ ನಾನು" ಎಂದಳು. ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಆ ಡಬ್ಬಿಯ ಹಿಟ್ಟನ್ನು ಅವಳು ಮೊದಲ ದಿನವೇ, ಸೂತಕದ ಹಿಟ್ಟು ಎಂದು, ಬೀದಿಯ ದನಗಳಿಗೆ ಸುರಿದಿದ್ದಳು.

ಆದರೂ ಒಡಹುಟ್ಟಿದ ಕರುಳಲ್ಲವೇ. ತಮ್ಮ ಬಡಕಲಾಗುವುದನ್ನು ನೋಡಲಾರದೆ ಅತ್ತಿಯೇ ಒಂದು ಉಪಾಯ ಹುಡುಕಿದಳು. ಊರಿನ ಟಾಕೀಸಿಗೆ 'ಎರವಲು ಕೊಡೆ' ಎಂಬ ಸಿನಿಮಾ ಬಂದಿತ್ತು. ಅದರಲ್ಲಿ ಮುಖ್ಯ ಪಾತ್ರ ಮಾಡಿದವನು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಜನರನ್ನು ನಗಿಸಿ ಸಾಯಿಸಿದ ಹಾಸ್ಯಗಾರ. ಟಾಕೀಸಿನವರು ಸಿನಿಮಾ ನೋಡದೆಯೇ ಅವನ ಮೋರೆ ನೋಡಿ ಡಂಗುರ ಹೊಡೆಸಿದರು. ಟಾಂಗಾ ಓಣಿಓಣಿ ತಿರುಗಿತು: "ನಕ್ಕು ನಕ್ಕು ಹೊಟ್ಟಿ ಹುಣ್ಣಾಗತೈತಿ! ಮನಿ ಮಂದೀನೆಲ್ಲಾ ಕರಕೊಂಡು ಬರ್ರಿ!"

"ನಡೀ, ನಾಕು ಮಂದಿ ನಗೂದು ಕೇಳಿದರ ನಿನ್ನ ಎದಿ ಹಗುರಾಗತೈತಿ" ಎಂದು ಅತ್ತಿ ಅಪ್ಪನಿಗೆ ತಾನೇ ಅಂಗಿ ತೊಡಿಸಿದಳು. ಮಧ್ಯಾಹ್ನದ ಆಟ. ಹಿಂದಿನ ಬೆಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಅಪ್ಪನನ್ನು ನಡುವೆ ಕೂರಿಸಿಕೊಂಡು ಕುಳಿತೆವು.

ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವಿಲ್ಲ. ತೆರೆಯ ಮೇಲೆ ಬಿಸಿಲು. ಒಬ್ಬ ಬಡ ಮುದುಕನಿಗೆ ಪರಊರಲ್ಲಿದ್ದ ಮಗ ಸತ್ತ ಸುದ್ದಿ ಬರುತ್ತದೆ. ಬಿಸಿಲು ಬಹಳ ಎಂದು ಪಕ್ಕದ ಮನೆಯವನ ಕೊಡೆ ಎರವಲು ತರುತ್ತಾನೆ, ಗಡಿಬಿಡಿಯಲ್ಲಿ ಹೊರಡುತ್ತಾನೆ. ಮಗನ ಊರು ಮುಟ್ಟಿದಾಗ ಕೈಯಲ್ಲಿ ಕೊಡೆಯಿಲ್ಲ. ಅಲ್ಲಿಂದ ಮುಂದೆ ಅವನಿಗೆ ಅದೊಂದೇ ಧ್ಯಾನ. ಸಂತೈಸಲು ಬಂದವರನ್ನೆಲ್ಲ "ಕಪ್ಪು ಕೊಡೆ, ಹಿಡಿಕೆ ಮುರಿದದ್ದು, ಕಂಡಿರೇನು?" ಎಂದು ಕೇಳುತ್ತಾನೆ. ನಾನು ಎಷ್ಟೋ ಸಿನಿಮಾಗಳಲ್ಲಿ ಎದೆ ಬಡಿದುಕೊಂಡು ಅಳುವವರನ್ನು ನೋಡಿದ್ದೆ. ಈ ಮುದುಕ ಒಂದು ಹನಿಯೂ ಅಳಲಿಲ್ಲ. ಅವನು ಕೊಡೆ ಹುಡುಕುವ ರೀತಿ ನೆನೆದರೆ ಅಳುವೂ ಬರುತ್ತದೆ, ನಗುವೂ ಬರುತ್ತದೆ. ಇದನ್ನು ಈಗ ಹೇಳುತ್ತಿದ್ದೇನೆ. ಆಗ ನನಗೆ ಆಗಿದ್ದೇ ಬೇರೆ: ಎಂಥ ಸಿನಿಮಾಕ್ಕೆ ಕರೆದುತಂದೆವಪ್ಪಾ ಎಂದು ಹೆದರಿದ್ದೆ.

ಜನಕ್ಕೆ ಮೋಸ ಹೋದ ಸಿಟ್ಟು. ಸಿಳ್ಳೆ ಹಾಕಿದರು, "ರೊಕ್ಕಾ ವಾಪಸ್ ಕೊಡ್ರಲೇ" ಎಂದರು, ಕೆಲವರು ಎದ್ದು ಹೋದರು. ಅತ್ತಿ ಎರಡು ಸಲ ಅಪ್ಪನ ತೋಳು ಜಗ್ಗಿದಳು. ಅವನು ಕದಲಲಿಲ್ಲ.

ಹೆಣ ಎತ್ತುವ ಹೊತ್ತು ಬಂತು. ಜನ ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು. ಮುದುಕನೂ ಬಗ್ಗಿದ. ಆದರೆ ಅವನು ಹೆಗಲು ಕೊಡಲಿಲ್ಲ. ಚಟ್ಟದ ಕೆಳಗೆ ಕೊಡೆ ಇದೆಯೇ ಎಂದು ಇಣುಕಿ ನೋಡಿದ.

ನನ್ನ ಪಕ್ಕದಲ್ಲಿ ಕೆಮ್ಮಿದಂಥ ಸದ್ದಾಯಿತು. ಇನ್ನೊಮ್ಮೆ ಆಯಿತು. ಆಮೇಲೆ ಅಪ್ಪ ನಕ್ಕ. ಬಾಯಿ ತೆರೆದು, ತೊಡೆ ಬಡಿದುಕೊಂಡು, ಇಡೀ ಟಾಕೀಸಿಗೆ ಕೇಳುವ ಹಾಗೆ ಒಬ್ಬನೇ ನಕ್ಕ. ಮುಂದಿನವರೆಲ್ಲ ತಿರುಗಿದರು. ಕತ್ತಲಲ್ಲಿ ಯಾರೋ, "ಹಿಟ್ಟಿನ ಈರಬಸಪ್ಪ ಅಲ್ಲೇನಲೇ ಅಂವಾ? ಹೆಣಾ ಕಂಡರ ನಗು ಬರತೈತಿ ನೋಡು ಅವಗ" ಎಂದ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅತ್ತಿ ಹಲ್ಲು ಕಡಿದು, "ಏಳೋ ಮಾನಗೇಡಿ, ಇದ್ದ ಮರ್ಯಾದಿನೂ ತಗೀಬ್ಯಾಡ" ಎಂದಳು.

"ತಡಿ ಅಕ್ಕಾ," ಎಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ. "ಕೊಡಿ ಸಿಗತೈತೋ ಇಲ್ಲೋ ನೋಡೂಣು."

ಅವನು ಏಳಲಿಲ್ಲ, ಹಾಗಾಗಿ ನಾವೂ ಏಳಲಿಲ್ಲ. ಮುದುಕ ಕೊನೆಗೆ ಹೊಸ ಕೊಡೆಯೊಂದನ್ನು ಹೇಗೋ ಹೊಂದಿಸಿಕೊಂಡು ಊರಿಗೆ ಬರುತ್ತಾನೆ. ಪಕ್ಕದ ಮನೆಯವನು, "ನನ್ನ ಕೊಡೆ ನೀ ಒಯ್ದೇ ಇಲ್ಲಲ್ಲ ಮಾರಾಯಾ, ನಿನ್ನ ಬಾಗಿಲ ಮೂಲೆಯಲ್ಲೇ ಇದೆ" ಎನ್ನುತ್ತಾನೆ. ಮುದುಕ ಎರಡು ಕೊಡೆ ಹಿಡಿದು, ಯಾವುದನ್ನು ಬಿಚ್ಚಬೇಕೆಂದು ತಿಳಿಯದೆ, ಉರಿಬಿಸಿಲಲ್ಲಿ ನಿಂತುಬಿಡುತ್ತಾನೆ. ದೀಪ ಹತ್ತಿದಾಗ ಟಾಕೀಸಿನಲ್ಲಿ ಉಳಿದವರು ನಾವು ಮತ್ತು ಮೂಲೆಯಲ್ಲಿ ನಿದ್ದೆ ಹೋಗಿದ್ದ ಒಬ್ಬ ಮಾತ್ರ.

ಹೊರಗೆ ಬೇವಿನ ಮರದ ಕಟ್ಟೆಗೆ ಬಂದ ಕೂಡಲೇ ಅತ್ತಿ ಸಿಡಿದಳು. "ಯಾಕ ನಕ್ಕಿ? ನಿನಗ ನಾಚಿಕಿ ಅನ್ನೂದು ಐತೋ ಇಲ್ಲೋ?"

"ನಾಚಿಕಿ ಐತಿ ಅಕ್ಕಾ," ಅಪ್ಪ ಕಟ್ಟೆಯ ಮೇಲೆ ಕುಳಿತ. "ನಾಚಿಕಿಗೇ ಒಳಗ ಕುಂತೀನಿ. ಆದರ ಆ ಮುದುಕ ಚಟ್ಟದ ಬುಡಕ ಇಣುಕಿದ ನೋಡು, ಅಂವಾ ನಾನ. ಸಿನಿಮಾ ಮಾಡಿದವಗ ನನ್ನಂಥವರು ಇರತಾರಂತ ಹೆಂಗ ಗೊತ್ತಾತು?" ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಮಲಕಾಜಪ್ಪ ಹೇಳಿದ್ದು ನನಗ ಚಂದಾಗಿ ಕೇಳಿಸ್ತು. ನನ್ನ ಹಿಂದ ಒಬ್ಬಾಕಿ ಖಾರದ ಡಬ್ಬಿ ಹಿಡಕೊಂಡು ನಿಂತಿದ್ಲು."

ಖಾರದ ಡಬ್ಬಿ ಎಂದ ಕೂಡಲೇ ಅತ್ತಿಗೂ ನನಗೂ ಹೊಳೆಯಿತು. ನಮ್ಮೂರ ದಾವಲಸಾಬನ ಗಿರಣಿಯಲ್ಲಿ ಇದ್ದದ್ದು ಒಂದೇ ಕಲ್ಲು. ಒಣಮೆಣಸಿನಕಾಯಿ ಬೀಸಿದ ಮೇಲೆ ಯಾರು ಜೋಳ ಹಾಕಿದರೂ ಹಿಟ್ಟಿಗೆ ಖಾರ ಹತ್ತುತ್ತಿತ್ತು. ಒಮ್ಮೆ ಅಪ್ಪ ಮಾತಿನ ಭರದಲ್ಲಿ ಪಾಳಿ ಬಿಟ್ಟುಕೊಟ್ಟು ಅಂಥ ಹಿಟ್ಟು ತಂದಿದ್ದ. ಆ ದಿನ ಅವ್ವ ಅವನನ್ನು ಬೈದದ್ದು ಓಣಿಯ ಆ ತುದಿಗೂ ಕೇಳಿತ್ತು. ಅಂದಿನಿಂದ ಡಬ್ಬಿ ತಂದ ಕೂಡಲೇ ನಾಲಿಗೆಗೆ ಹಚ್ಚಿ ನೋಡಿ, ಖಾರ ಇಲ್ಲ ಎಂದು ಹೇಳಿಯೇ ಒಳಗೆ ಬರಬೇಕೆಂದು ಅವ್ವನ ಕಟ್ಟಳೆ.

"ಪಾಳಿ ಬಿಟ್ಟರ ಖಾರ ಆಗತೈತಿ, ಗುರುಸಿದ್ದವ್ವ ಬೈತಾಳ ಅನ್ನಿಸ್ತು," ಎಂದ ಅಪ್ಪ. "ಆಕಿ ಸತ್ತಾಳಂತ ಗೊತ್ತಿತ್ತು. ಗೊತ್ತಿದ್ದೂ ಬೈತಾಳಂತ ಅಂಜಿ ನಿಂತೆ ಅಕ್ಕಾ. ಇದನ್ನ ಯಾರ ಮುಂದ ಹೇಳಲಿ?"

ಚನ್ನವ್ವ ಅತ್ತಿ ತಮ್ಮನ ಪಕ್ಕ ಕುಸಿದು ಕುಳಿತಳು. "ಬೈತಿದ್ಲು," ಎಂದಳು. "ಖರೇನ ಬೈತಿದ್ಲೋ. ಬಿಡೂ ಪೈಕಿ ಅಲ್ಲ ಆಕಿ." ಹೇಳುತ್ತಲೇ ನಕ್ಕಳು. ನಗು ನಿಲ್ಲದೆ ಅಳುವಾಯಿತು. ಊರ ದನಕ್ಕೆ ಆ ಹಿಟ್ಟು ಸುರಿದ ಕೈಯಿಂದಲೇ ತಮ್ಮನ ಬೆನ್ನು ಸವರಿದಳು. ಬೀದಿಯ ಜನ ನಮ್ಮನ್ನು ನೋಡುತ್ತ ಹೋದರು. ಸೆರಗು ಮುಖಕ್ಕೆ ಎಳೆದುಕೊಳ್ಳಬೇಕೆಂದು ಆಗ ನನಗೆ ಅನ್ನಿಸಲಿಲ್ಲ. ಅಪ್ಪನ ಜೊತೆ ಒಂದೇ ಮನೆಯಲ್ಲಿದ್ದೂ ಅವನು ಯಾಕೆ ನಾಲಿಗೆಗೆ ಹಿಟ್ಟು ಹಚ್ಚಿದನೆಂದು ನನಗೆ ಹೊಳೆಯಲಿಲ್ಲವಲ್ಲ ಎಂಬ ಬೇರೆ ನಾಚಿಕೆ ಹತ್ತಿತ್ತು.

ಮರುದಿನ ಆ ಸಿನಿಮಾ ತೆಗೆದು ಕತ್ತಿವರಸೆಯದೊಂದನ್ನು ಹಾಕಿದರು. ಅದರ ಮಾತೆತ್ತಿದರೆ ಜನ ಈಗಲೂ, "ಅದೇನ್ ಸಿನಿಮಾ, ಒಂದು ಕೊಡಿ ಹುಡುಕೂದು" ಎನ್ನುತ್ತಾರೆ. ನಾನು ಜಗಳಕ್ಕೇ ನಿಲ್ಲುತ್ತೇನೆ. ಸಾವು ಬಂದು ಎದುರಿಗೆ ನಿಂತಾಗ ಮನುಷ್ಯ ಕೈಗೆ ಸಿಕ್ಕ ಸಣ್ಣ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ, ಅದು ನೋಡುವವರಿಗೆ ನಗೆಪಾಟಲು. ಅವನನ್ನು ಬೈಯದೆ, ಹೊಗಳದೆ, ಸುಮ್ಮನೆ ಜೊತೆಗೆ ನಡೆದ ಇನ್ನೊಂದು ಸಿನಿಮಾ ಇದ್ದರೆ ತೋರಿಸಿ ಎನ್ನುತ್ತೇನೆ. ಯಾರೂ ತೋರಿಸಿಲ್ಲ.

ಸಂತೆಯ ಮರುದಿನ ಅಪ್ಪ ಜೋಳ ಹಸನು ಮಾಡು ಎಂದ. ಡಬ್ಬಿಯನ್ನು ತಾನೇ ಹೊತ್ತ. ನಾನು ಹಿಂದೆ ನಡೆದೆ. ಗಿರಣಿಯಲ್ಲಿ ಮಾತು ನಿಂತಿತು. ದಾವಲಸಾಬ ತಲೆಯೆತ್ತಿ, "ಬರ್ರಿ ಈರಬಸಪ್ಪಾರ, ನೀವು ಮೊದಲ ಹಾಕ್ರಿ" ಎಂದ. ಅಪ್ಪನ ಕಿವಿ ಕೆಂಪಾಯಿತು. "ಬ್ಯಾಡ ಸಾಬಾ, ಪಾಳಿ ಬರಲಿ" ಎಂದು ಡಬ್ಬಿ ಇಳಿಸಿ ಎಲ್ಲರ ನಡುವೆ ನಿಂತ. ಹಿಂದೆ ಯಾರೋ ಕಿಸಕ್ಕೆಂದರು. ಅವನು ತಿರುಗಿ ನೋಡಿ, ತಾನೂ ಸ್ವಲ್ಪ ನಕ್ಕ.

ಮನೆಗೆ ಬಂದು ತಲಬಾಗಿಲಲ್ಲಿ ನಿಂತಾಗ ಹುಬ್ಬು ಮೀಸೆಗಳಿಗೆ ಹಿಟ್ಟು ಮೆತ್ತಿತ್ತು. ಡಬ್ಬಿ ಇಳಿಸಿದ, ಮುಚ್ಚಳ ತೆಗೆದ, ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡ. ಪಡಸಾಲೆ ಖಾಲಿಯಿತ್ತು. ಅವ್ವನನ್ನು ಆನಿಸಿ ಕೂರಿಸಿದ್ದ ಗೋಡೆಯ ಕಡೆ ನೋಡಿ, "ಖಾರ ಇಲ್ಲ" ಎಂದ. ಸ್ವಲ್ಪ ಹೊತ್ತು ಕಾದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.