ಗಚ್ಚಿಯ ಮೇಲಿನ ಮಲಕಪ್ಪ

ಹೆಣದ ಮಗ್ಗುಲಿನಿಂದ ಮತ್ತೆ ಎದ್ದು ಹೊರಗೆ ಹೊರಟ ಮಗನ ಅಂಗಿಯ ಚುಂಗನ್ನು ಶಿವಬಸವ್ವ ಹಿಡಿದೆಳೆದಳು.

"ಒಂದ್ ಗಳಿಗಿ ಕೂಡಪಾ. ಮಂದಿ ಬರಾಕತ್ಯಾರ."

"ಬಂದೆ ತಡಿ."

ಎಲ್ಲಿಗೆ ಹೋಗಿ ಬರುತ್ತೇನೆಂಬುದು ಶಿವಪ್ರಕಾಶನಿಗೂ ಗೊತ್ತಿರಲಿಲ್ಲ. ಬೆಳಗಿನ ರೈಲಿಗೆ ಸೊಲ್ಲಾಪುರದಿಂದ ಹೆಂಡತಿ ರೇಣುವಿನ ಜೊತೆ ಬಂದಾಗಿನಿಂದ ಅವನು ಕೂತಲ್ಲಿ ಕೂತಿರಲಿಲ್ಲ. ಪುಣೆಯ ಹತ್ತಿರದ ಚಿಂಚವಾಡದ ಕಾರ್ಮಿಕರ ಕಾಲನಿಯ ಆ ಮನೆಯಲ್ಲಿ ಅಡ್ಡಾಡಲು ಜಾಗವೂ ಇರಲಿಲ್ಲ. ಅಪ್ಪ ಮಲಕಪ್ಪನಿಗೆ ಜಳಕ ಮಾಡಿಸಿ, ವಿಭೂತಿ ಬಳಿದು, ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಎದುರಿಗೆ ಕಾಲನಿಯ ಹೆಂಗಸರು ಒತ್ತೊತ್ತಾಗಿ ಕೂತಿದ್ದರು.

"ನಿಮ್ಮಪ್ಪನಂಥಾ ತಣ್ಣನ ಮನಶ್ಯಾ ಸಿಗೂದಿಲ್ಲಪಾ," ಎಂದು ಕೆಳಗಿನ ಮನೆಯ ಸರೋಜಮ್ಮ ಕಣ್ಣೊರೆಸಿಕೊಂಡಳು. "ನನ್ನ ಮೊಮ್ಮಗಳು ಗಚ್ಚಿ ಮ್ಯಾಲ ಆಡಾಕ ಹೋಗಿ ಅವರ ಗುಲಾಬಿ ಕುಂಡ ಕೆಡವಿ ಒಡದಿದ್ಳು. ಬೈತಾರ ಅಂತ ನಾ ಓಡಿ ಹ್ವಾದ್ರ, ಆಕೀನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು ನಗಸಾಕತ್ತಿದ್ರು."

"ಯಾರು? ನಮ್ಮಪ್ಪ?"

ಅವನ ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿತ್ತು. ಹೆಂಗಸರು ಅಳು ನಿಲ್ಲಿಸಿ ಅವನತ್ತ ನೋಡಿದರು. ರೇಣು ತಲೆ ತಗ್ಗಿಸಿದಳು.

*

ಆ ಮನೆಯ ಮೆಟ್ಟಿಲ ಮೇಲೆ ಅಪ್ಪನ ಬೂಟಿನ ಸಪ್ಪಳ ಕೇಳಿದೊಡನೆ ಏನೇನು ಮುಚ್ಚಿಡಬೇಕು ಎಂಬುದು ಹುಡುಗ ಶಿವಪ್ರಕಾಶನಿಗೆ ಗೊತ್ತಾಗುತ್ತಿತ್ತು. ಮಲಕಪ್ಪ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿದ್ದ. ದಿನವಿಡೀ ತಗಡು ಬಡಿಯುವ ಸದ್ದು ಕಿವಿಯಲ್ಲಿ ತುಂಬಿಕೊಂಡೇ ಮನೆಗೆ ಬರುತ್ತಿದ್ದ. ನೆಲದ ಮೇಲೆ ಚಮಚ ಬಿದ್ದರೂ ಎದ್ದು ನಿಲ್ಲುತ್ತಿದ್ದ. ಮಗ್ಗಿ ತಪ್ಪಿದರೆ ಬೆಲ್ಟು. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯತ್ತ ಬೀಸಿದ ತಾಟು ಮಗನ ಹುಬ್ಬಿಗೆ ತಾಗಿ ನೆತ್ತರು ಬಂದಿತ್ತು. ಮೀಸೆ ಸರಿಯಾಗಿ ಮೂಡುವ ಮೊದಲೇ ಶಿವಪ್ರಕಾಶ ಸೊಲ್ಲಾಪುರದ ಸೋದರಮಾವನ ಅಂಗಡಿಗೆ ಹೋಗಿಬಿಟ್ಟ. ಅವನು ಚೀಲ ಎತ್ತಿಕೊಂಡು ಹೊರಡುವಾಗ ಮಲಕಪ್ಪ ಬಾಗಿಲಲ್ಲಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. ಆಮೇಲೆ ಮಗ ಹಬ್ಬಕ್ಕೆ ಬಂದರೆ ಉಂಡು ಸಂಜೆಗೇ ಹೊರಡುತ್ತಿದ್ದ. ಗಚ್ಚಿಯ ಮೇಲೆ ಅಪ್ಪ ಏನೋ ಗಿಡ ಬೆಳೆಸಿದ್ದಾನೆಂದು ಅವ್ವ ಫೋನಿನಲ್ಲಿ ಹೇಳಿದ್ದು ನೆನಪಿತ್ತು. ಮೇಲೆ ಹತ್ತಿ ನೋಡಿರಲಿಲ್ಲ.

*

ಸ್ವಾಮಿಗಳು ಬಂದು ಹೂವು ಸಾಲದು ಎಂದರು. ಪೇಟೆಯಿಂದ ತಂದದ್ದು ಬರೀ ಚೆಂಡುಹೂವಿನ ಮಾಲೆ.

"ಮ್ಯಾಲ ರಗಡ ಅದಾವಲ್ರಿ," ಎಂದಳು ಸರೋಜಮ್ಮ. "ಅವರ ಹೂವು ಅವರಿಗೇ ಏರಸ್ರಿ."

ಎದುರುಮನೆಯ ಪಂಢರಿನಾಥ ಕತ್ತರಿ, ಬಕೀಟು ಹಿಡಿದು ಶಿವಪ್ರಕಾಶನನ್ನು ಮೇಲೆ ಕರೆದೊಯ್ದ. ಬಾಗಿಲು ತೆಗೆದದ್ದೇ ಶಿವಪ್ರಕಾಶ ಹೊಸ್ತಿಲಲ್ಲಿ ನಿಂತುಬಿಟ್ಟ. ಬಣ್ಣದ ಡಬ್ಬಿ, ಒಡೆದ ಕೊಡ, ಹಳೆಯ ಕುಕ್ಕರು, ಎಲ್ಲದರಲ್ಲೂ ಗುಲಾಬಿ. ಜನವರಿಯ ಬಿಸಿಲಿಗೆ ಗಚ್ಚಿ ತುಂಬ ಅರಳಿ ನಿಂತಿದ್ದವು: ಕಡುಗೆಂಪು, ಕೇಸರಿ, ಕೆನೆಹಾಲಿನ ಬಣ್ಣದವು. ಆಚೆ ಲೋಕಲ್ ರೈಲು ಹೋಗುತ್ತಿತ್ತು.

"ಹೀಗೆ," ಎಂದು ಪಂಢರಿನಾಥ ಮರಾಠಿಯಲ್ಲಿ ಹೇಳುತ್ತ ಒಂದು ರೆಂಬೆ ಹಿಡಿದ. "ಐದೆಲೆ ಇರುವ ಕಡೆ, ಚಿಗುರೊಡೆಯುವ ಕಣ್ಣಿನ ಮೇಲೆ, ಓರೆಯಾಗಿ ಕತ್ತರಿಸಬೇಕು. ನಿಮ್ಮ ತಂದೆಯೇ ಕಲಿಸಿದ್ದು. ನನ್ನ ಕೈ ಒರಟು, ಎಷ್ಟೋ ಸಲ ತಪ್ಪು ಕಡೆ ಕತ್ತರಿಸಿದ್ದೇನೆ. ಕಾಕಾ ಒಂದು ದಿನ ದನಿ ಏರಿಸಲಿಲ್ಲ. 'ಅಸೂ ದೇ, ಪುನ್ಹಾ ಯೇಈಲ' ಅನ್ನೋರು."

ಇರಲಿ ಬಿಡು, ಮತ್ತೆ ಬರ್ತದ. ಅಪ್ಪ ಆ ಮಾತನ್ನು ಮರಾಠಿಯಲ್ಲಿ ಕಲಿತಿದ್ದ. ಕನ್ನಡದಲ್ಲಿ ಅದನ್ನು ಶಿವಪ್ರಕಾಶ ಎಂದೂ ಕೇಳಿರಲಿಲ್ಲ.

ಅವನು ಕತ್ತರಿ ಕಸಿದುಕೊಂಡ. ಎದುರಿನ ಗಿಡದಿಂದ ಶುರುಮಾಡಿದ. ಐದೆಲೆ, ಕಣ್ಣು, ಓರೆ ಏನನ್ನೂ ನೋಡಲಿಲ್ಲ. ಅರಳಿದ್ದನ್ನು ಕತ್ತರಿಸಿದ, ಅರಳುತ್ತಿದ್ದುದನ್ನು ಕತ್ತರಿಸಿದ, ಕತ್ತರಿ ಸಿಕ್ಕಿಕೊಂಡಾಗ ಕೈಯಿಂದಲೇ ಮುರಿದ. "ಅರೇ, ಕಳ್ಯಾ ನಕೋ! ಮೊಗ್ಗು ಬೇಡ!" ಎಂದು ಪಂಢರಿನಾಥ ರಟ್ಟೆ ಹಿಡಿದರೆ ಕೊಡವಿ ಮುಂದಕ್ಕೆ ಹೋದ. ಬಕೀಟು ತುಂಬಿ ಹೂವು ನೆಲಕ್ಕೆ ಬೀಳತೊಡಗಿದವು. ಕೊನೆಯ ಸಾಲು ಮುಗಿಸಿ ತಿರುಗಿದಾಗ ಗಚ್ಚಿಯ ಮೇಲೆ ಬರೀ ಹಸಿರಿತ್ತು. ಅವನ ಎರಡೂ ಅಂಗೈಯಲ್ಲಿ ನೆತ್ತರು ಒಸರುತ್ತಿತ್ತು. ಪಂಢರಿನಾಥ ಗೋಡೆಯತ್ತ ಮುಖ ಮಾಡಿ ಅಳುತ್ತಿದ್ದ.

*

ಮಗ ಮನೆ ಬಿಟ್ಟ ವರ್ಷ ಮಲಕಪ್ಪನಿಗೆ ನಿದ್ದೆ ಹೋಯಿತು. ಮನೆಯಲ್ಲಿ ಹುಲಿಯ ಹಾಗೆ ತಿರುಗುತ್ತಿದ್ದ. ಒಂದು ದಿನ ಶಿವಬಸವ್ವ ತಳ್ಳುಗಾಡಿಯವನಿಂದ ಒಂದು ಗುಲಾಬಿ ಸಸಿ ಕೊಂಡು ಬಾಗಿಲಲ್ಲಿಟ್ಟಳು. ಕೆಲಸದಿಂದ ಬಂದವನು ಎಡವಿದ, ಸಿಟ್ಟಿನಿಂದ ಒದ್ದ. ಸಸಿ ಮೆಟ್ಟಿಲುರುಳಿ ಮಣ್ಣು ಚೆಲ್ಲಿತು. ಆಕೆ ಒಳಗೆ ಹೋಗಿ ಮೂಲೆಯಲ್ಲಿ ನಿಂತಳು. ಎಷ್ಟು ಹೊತ್ತಾದರೂ ಸದ್ದಿಲ್ಲ. ಹಣಿಕಿದರೆ ಗಂಡ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬೊಗಸೆಯಿಂದ ಮಣ್ಣು ಬಳಿಯುತ್ತಿದ್ದ.

ಬಣ್ಣದ ಡಬ್ಬಿಯೊಂದರಲ್ಲಿ ನೆಟ್ಟ. ಎಲೆಯೆಲ್ಲ ಉದುರಿ ಕಡ್ಡಿ ಉಳಿಯಿತು. ಆದರೂ ದಿನಾ ನಸುಕಿಗೆ ಮೇಲೆ ಹೋಗಿ ನೋಡಿ ಬರುತ್ತಿದ್ದ. ಒಂದು ಮುಂಜಾನೆ ಗಚ್ಚಿಯಿಂದ ಕೂಗಿದ: "ಏ ಇಕೀನ, ಬಾ ಇಲ್ಲಿ!" ಏನು ತಪ್ಪಾಯಿತೋ ಎಂದು ಆಕೆ ಒದ್ದೆಗೈಯಲ್ಲೇ ಓಡಿದಳು. ಕಡ್ಡಿಯ ತುದಿಯಲ್ಲಿ ಇಲಿಯ ಕಿವಿಯಂಥ ಕೆಂಪು ಚಿಗುರು.

"ಸತ್ತಿಲ್ಲ ನೋಡ ಇದು," ಎಂದು ಮಲಕಪ್ಪ ನಕ್ಕ. ಮದುವೆಯಾದ ಮೇಲೆ ಆ ನಗೆಯನ್ನು ಆಕೆ ಮೊದಲ ಸಲ ನೋಡಿದ್ದಳು.

ಒಂದು ಹತ್ತಾಯಿತು, ಹತ್ತು ಗಚ್ಚಿ ತುಂಬಿತು. ಬೇವಿನ ಹಿಂಡಿಯ ವಾಸನೆಯ ಕೈಯಲ್ಲಿ ಗಂಡ ಮೊಗ್ಗನ್ನು ಗಲ್ಲ ಹಿಡಿದೆತ್ತಿದಂತೆ ಎತ್ತಿ ತೋರಿಸುತ್ತಿದ್ದ. ಒಂದು ಕಡೆ ನಿಲ್ಲದ ಅವನ ಕಾಲು ಅಲ್ಲಿ ತಾಸುಗಟ್ಟಲೆ ನಿಲ್ಲುತ್ತಿತ್ತು. ಆಕೆ ಚಹಾ ಒಯ್ಯುತ್ತಿದ್ದಳು. ಇಬ್ಬರೂ ಗಿಡಗಳ ನಡುವೆ ಕೂತು ಕುಡಿಯುತ್ತಿದ್ದರು. ಆ ಸುಖವನ್ನು ಆಕೆ ಮಗನಿಗೆ ಎಂದೂ ಹೇಳಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

*

ಶಿವಪ್ರಕಾಶ ಬಕೀಟನ್ನು ಅವ್ವನ ಮುಂದೆ ಇಟ್ಟ. "ಎಲ್ಲಾ ತಂದೀನಿ."

ಹೂವಿನ ನಡುವೆ ಹಸಿ ಮೊಗ್ಗುಗಳನ್ನು ಕಂಡು ಸರೋಜಮ್ಮ "ಅಯ್ಯ ಶಿವನ" ಎಂದಳು. ಅವ್ವ ಬಯ್ಯಲೆಂದು ಅವನು ಕಾಯುತ್ತ ನಿಂತ. ಶಿವಬಸವ್ವ ಸೆರಗಿನಿಂದ ಅವನ ಅಂಗೈ ಒರೆಸಿದಳು.

"ನಿನಗ ಆ ಮನಶ್ಯಾ ಸಿಗಲಿಲ್ಲಪಾ," ಎಂದಳು ಮೆಲ್ಲಗೆ. "ನನಗ ಸಿಕ್ಕ. ಏನ್ ಮಾಡ್ಲಿ ಹೇಳು?"

ಅವನು ಕೈ ಬಿಡಿಸಿಕೊಂಡ. ಮತ್ತೆ ಹೊರಗೆ ಹೋದ.

*

ಸ್ಮಶಾನದಲ್ಲಿ ಕುಣಿ ತೆಗೆದು, ಅದರ ಒಳಗೋಡೆಯಲ್ಲಿ ಹೆಣ ಕೂರಿಸುವ ಗೂಡು ಕೊರೆದಿದ್ದರು. ಬಿಸಿಲು ಇಳಿಯುತ್ತಿತ್ತು.

"ಒಳಗ ಯಾರು ಇಳೀತೀರಿ?" ಸ್ವಾಮಿಗಳು ಕೇಳಿದರು. "ಹಿಡಕೊಂಡು ಕುಂದ್ರಸಬೇಕು."

ಬಂದ ಬಳಗ ಮುಖಮುಖ ನೋಡಿಕೊಂಡಿತು. ಶಿವಪ್ರಕಾಶ ಚಪ್ಪಲಿ ಬಿಟ್ಟು ಇಳಿದ.

ಮೇಲಿನಿಂದ ಇಳಿಬಿಟ್ಟ ದೇಹದ ಭಾರವೆಲ್ಲ ಅವನ ಎದೆಯ ಮೇಲೆ ಬಂತು. ತಬ್ಬಿ ಹಿಡಿದು ಗೂಡಿನೊಳಗೆ ಸರಿಸಿದ. ಬಿಲ್ವಪತ್ರಿ, ಗುಲಾಬಿ, ವಿಭೂತಿ, ಉಪ್ಪು ಒಂದೊಂದಾಗಿ ಕೆಳಗೆ ಬಂದವು. ಅಪ್ಪನ ಮಡಿಲು ತುಂಬಿತು, ಎದೆಯವರೆಗೆ ಬಂತು.

"ಸಾಕು. ಕೈ ಬಿಟ್ಟು ಮ್ಯಾಲ ಬಾಪಾ."

"ಬಿಟ್ರ ತಲಿ ಬಾಗತದ್ರೀ."

"ಬಾಗ್ಲಿ ಬಿಡು. ಹೊತ್ತು ಮುಳಗತದ."

ಮೇಲಿನಿಂದ ಎರಡು ಮೂರು ಕೈಗಳು ಚಾಚಿದವು. ಶಿವಬಸವ್ವ ಕುಣಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ಮಗ ಮೊಣಕಾಲೂರಿ ಕೂತಿದ್ದ. ಗಂಡನ ಹಣೆ ಮಗನ ಹೆಗಲ ಮೇಲಿತ್ತು. ಚಾಚಿದ ಕೈಗಳತ್ತ ನೋಡದೆ ಅವನು ಅಲುಗಾಡದೆ ಕೂತೇ ಇದ್ದ.