ಬತ್ತೆ ಅನ್ನದ ಪೆನ್ ಡ್ರೈವ್

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಪೆನ್ ಡ್ರೈವ್‌ನಿಂದ ಮಾಡಿದರೆ ಮ್ಯಾನ್ಯುಯಲ್ ಆಗುತ್ತದೆ. ಸತ್ತ ತಾಯಿಯಿಂದ ಮಾಡಿದರೆ ನೀವು ಈಗಲೇ ಕರ್ಚೀಫು ತೆಗೆಯುತ್ತೀರಿ. ಕೋಳಿಯಿಂದ ಮಾಡೋಣ. ಹೊನ್ನಾವರ ಬಸ್ ಸ್ಟ್ಯಾಂಡಿನ ಹತ್ತಿರ ಊರಕೋಳಿ ಮಾರುವ ಅಂಗಡಿ, ಅದರ ಗೋಡೆಗೆ ಅಂಟಿಕೊಂಡು ಚಂದನಾಳ ಝೆರಾಕ್ಸ್ ಅಂಗಡಿ. ಇಸವಿ ೨೦೦೮. (ಕೋಳಿ ನೆನಪಿರಲಿ. ನಾನು ಮರೆತರೂ ನೀವು ಮರೆಯಬೇಡಿ.)

೨
ಊರಿನ ಪೆನ್ ಡ್ರೈವ್‌ಗಳ ವೈರಸ್ಸೆಲ್ಲ ಚಂದನಾಳ ಕಂಪ್ಯೂಟರಿಗೇ ಬಂದು ಬೀಳುತ್ತಿತ್ತು. ಬೇಸತ್ತು ಲಿನಕ್ಸ್ ಹಾಕಿಸಿದಳು. ವೈರಸ್ಸಿನ ಕಾಟ ತಪ್ಪಿತು, ಹೊಸ ತಲೆನೋವು ಬಂತು. ಪೆನ್ ಡ್ರೈವ್ ಸಿಕ್ಕಿಸಿದರೆ ಕಂಪ್ಯೂಟರ್ ಕಂಡೂ ಕಾಣದ ಹಾಗೆ ಕೂತಿರುತ್ತಿತ್ತು. ಪ್ರತಿ ಸಲ ‘ಮೌಂಟ್’ ಎಂದು ಉದ್ದದ ಕಮಾಂಡ್ ಟೈಪ್ ಮಾಡಿದರಷ್ಟೇ ಒಳಗಿನದು ಕಾಣುವುದು.

ಇದು ತಾನಾಗಿ ಯಾಕೆ ಆಗಬಾರದು? ಪ್ರಶ್ನೆ ತಲೆಗೆ ಹೊಕ್ಕಿತು. ಗಿರಾಕಿ ಇಲ್ಲದಾಗೆಲ್ಲ ನೆಟ್ಟಿನಲ್ಲಿ ಹುಡುಕಿದಳು, ಒಂದು ಸೆಟ್ಟಿಂಗ್ ಕೆಡಿಸಿದಳು, ಇನ್ನೊಂದು ಸರಿಮಾಡಿದಳು. ಕೊನೆಗೊಂದು ಮಧ್ಯಾಹ್ನ, ಸಿಕ್ಕಿಸಿದ ಕೂಡಲೇ ಪರದೆಯ ಮೇಲೆ ಕಿಟಕಿ ತಾನಾಗಿ ತೆರೆಯಿತು. ತೆಗೆಯುವ ಮೊದಲು ಮಾತ್ರ ‘ಅನ್‌ಮೌಂಟ್’ ಮಾಡಿ ಕಂಪ್ಯೂಟರಿಗೆ ಹೇಳಲೇಬೇಕು, ಇಲ್ಲದಿದ್ದರೆ ಬರೆದದ್ದು ಅರ್ಧಕ್ಕೇ ನಿಲ್ಲಬಹುದು ಎಂದೂ ಓದಿಕೊಂಡಳು. (ನಮ್ಮ ಕಡೆಯ ನೆಂಟರ ಹಾಗೆ. ಬರುವಾಗ ಹೇಳದೆ ಬರುತ್ತಾರೆ, ಹೋಗುವಾಗ ‘ಬತ್ತೆ’, ಅಂದರೆ ಬರುತ್ತೇನೆ, ಅನ್ನದೆ ಯಾರೂ ಹೊಸಿಲು ದಾಟುವುದಿಲ್ಲ.)

೩
ಹಳದೀಪುರದ ತಿಮ್ಮಿ, ತನ್ನ ಅಕ್ಕನ ಮಗ ಕುಪ್ಪನ ಮೊಬೈಲ್ ಹಿಡಿದು ಬಂದಳು. ಅದರ ಕಾರ್ಡಿನಲ್ಲಿ ತಿಮ್ಮಿಯ ತಾಯಿ ಹಾಡಿದ ಪದವಿತ್ತು. ಹೋದ ವರ್ಷ ತೀರಿಕೊಂಡ ತಾಯಿಯ ದನಿ ಅಂತ ಉಳಿದದ್ದು ಅದೊಂದೇ. ಅಂಗಳದಲ್ಲಿ ರೆಕಾರ್ಡ್ ಮಾಡಿದ್ದು. ಮೊದಲು ಕೋಳಿ ಕೂಗುತ್ತದೆ, ಆಮೇಲೆ ಪದ.

“ಕುಪ್ಪ ನಾಳೆ ಬೋಟಿಗೆ ಹೋತ. ಕಾರ್ಡು ಖಾಲಿ ಮಾಡ್ಬೇಕಂತೆ. ಪದ ಇದ್ರಲ್ಲಿ ಹಾಕ್ಕೊಡು ತಂಗೀ,” ಎಂದು ಪೆನ್ ಡ್ರೈವ್ ಕೊಟ್ಟಳು.

“ಆ ಕೋಳಿ ಕೂಗು ತೆಗೀಲಾ, ತಿಮ್ಮಕ್ಕ?”

“ಬ್ಯಾಡ. ಅದೂ ನಮ್ಮನಿದೇ.”

ಚಂದನಾ ಕಾಪಿ ಮಾಡಿದಳು, ಕಾರ್ಡು ಖಾಲಿ ಮಾಡಿ ಮೊಬೈಲಿಗೆ ಹಾಕಿದಳು, “ಆತು” ಎಂದಳು. ಅಷ್ಟರಲ್ಲಿ ಹಳದೀಪುರದ ಬಸ್ಸು ಹಾರ್ನ್ ಹೊಡೆಯಿತು. ತಿಮ್ಮಿ ಪೆನ್ ಡ್ರೈವನ್ನು ತಾನೇ ಕಿತ್ತುಕೊಂಡು ಓಡಿದಳು. ಅಂಗಡಿಗೆ ಬಂದಾಗಲೆಲ್ಲ ಹೋಗುವಾಗ ಮೂರು ಸಲ ‘ಬತ್ತೆ’ ಅನ್ನುವವಳು ಅವತ್ತು ಒಂದು ಸಲವೂ ಅನ್ನಲಿಲ್ಲ.

ಚಂದನಾ ಅನ್‌ಮೌಂಟ್ ಮಾಡಿರಲಿಲ್ಲ. ಪರದೆ ‘ಮುಗಿಯಿತು’ ಅಂದರೂ ಒಳಗೆ ಬರೆಯುವುದು ಇನ್ನೂ ನಡೆದಿರಬಹುದು. ಪದ ಅತ್ತ ಕಾರ್ಡಿನಲ್ಲೂ ಇಲ್ಲ, ಇತ್ತ ಪೆನ್ ಡ್ರೈವಿನಲ್ಲೂ ಇಲ್ಲದಿದ್ದರೆ?

೪ (ಹರಿದು ಹಾಕಿದ್ದು)
ಮುಕ್ತಾಯ ಒಂದು: ಪದ ಸುರಕ್ಷಿತ. (ಹಾಗಾದರೆ ಇಷ್ಟು ಹೊತ್ತು ಎಂತಕ್ಕೆ ಓದಿದಿರಿ?)

ಮುಕ್ತಾಯ ಎರಡು: ಪದ ಹೋಯಿತು, ಆದರೆ ತಿಮ್ಮಿಗೆ ಅದು ಬಾಯಿಪಾಠ. ಅವಳು ಹಾಡುತ್ತಾಳೆ, ಶರಾವತಿಯ ಆಚೆ ಸೂರ್ಯ ಮುಳುಗುತ್ತಾನೆ...

“ಸೂರ್ಯನ್ನ ಬಿಡಿ,” ಎಂದಳು ಚಂದನಾ, ನನ್ನ ವಾಕ್ಯದ ನಡುವೆಯೇ ತಲೆ ಹಾಕಿ. “ಹಾಡೋಕೆ ಬಂದಿದ್ರೆ ಅವ್ರು ಪೆನ್ ಡ್ರೈವ್ ಎಂತಕ್ಕೆ ತರ್ತಿದ್ರು? ನಾನು ಹಳದೀಪುರಕ್ಕೆ ಹೋಗಿ ಅವ್ರನ್ನ ಹಿಡೀಬೇಕು, ನಿಮಗೆ ಚಂದ ಮಾಡೂ ಹುಚ್ಚು. ಒಂದು ಬಸ್ಸು ಬರೀರಿ ಸಾಕು.”

ಬರೆದೆ. ಸೀಟೂ ಕೊಟ್ಟೆ.

೫
ಹಳದೀಪುರದಲ್ಲಿ ತಿಮ್ಮಿ ಮನೆಯ ಅಂಗಳದಲ್ಲಿದ್ದಳು. ಪೆನ್ ಡ್ರೈವ್ ಸೆರಗಿನ ಗಂಟಿನಲ್ಲಿತ್ತು. “ಬತ್ತೆ ಅಂತ ಹೇಳೂಕೂ ಆಗ್ಲಿಲ್ಲ ಮಾರಾಯ್ತಿ!” ಎಂದು ನಕ್ಕಳು. ಚಂದನಾ ಒಂದೂ ಮುಚ್ಚಿಡದೆ ಹೇಳಿದಳು. ನಗು ನಿಂತಿತು.

“ಅವ್ವಿಯೂ ಹಂಗೇ,” ಎಂದಳು ತಿಮ್ಮಿ. “ಗದ್ದೆಗೆ ಹೋದವ್ಳು ತಿರುಗಿ ಬರ್ಲಿಲ್ಲ. ಬತ್ತೆ ಅಂತ ಹೇಳ್ದೇ ಹೋದ್ಳು.”

ಇಬ್ಬರೂ ಅಂಗಡಿಗೆ ಬಂದರು. ಸಿಕ್ಕಿಸಿದರು. ಕಿಟಕಿ ತಾನಾಗಿ ತೆರೆಯಿತು. ಫೈಲಿನ ಹೆಸರು ಕಂಡಿತು.

“ಪದ ಅದೆ ಅಲಾ?”

“ಹೆಸ್ರು ಅದೆ ಅಕ್ಕ. ದನಿ ಅದೆಯೋ ಇಲ್ವೋ, ಒತ್ತಿದ್ರೇ ಗೊತ್ತು.”

ತಿಮ್ಮಿ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತಳು. ಚಂದನಾ ಸ್ಪೀಕರ್ ದೊಡ್ಡದು ಮಾಡಿ ಒತ್ತಿದಳು.

ಕೋಳಿ ಕೂಗಿತು.

(ಗೋಡೆಯಾಚೆ ಎಂತ ಅಂಗಡಿಯಿದೆ ಎಂದು ಮೊದಲೇ ಹೇಳಿದ್ದೇನೆ. ಇನ್ನೊಂದು ವಾಕ್ಯ ಬರೆದರೆ ಎಲ್ಲ ಗೊತ್ತಾಗುತ್ತದೆ. ನನಗೆ ಧೈರ್ಯ ಸಾಲದು.)

ತಿಮ್ಮಿ ಚಂದನಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ನಮ್ದಾ?” ಎಂದಳು.