ಬೆಳ್ಳುಳ್ಳಿ ಎಣ್ಣೆ

ಬೈರಣ್ಣನ ಬಲಗಾಲು ಉಳಿಯಬೇಕಾದರೆ ಇದ್ದದ್ದು ಒಂದೇ ದಾರಿ, ಜೆ.ಪಿ. ನಗರದ ಆಸ್ಪತ್ರೆಯ ಆ ಗಾಜಿನ ಕೊಳವೆ. ಸಕ್ಕರೆ ಕಾಯಿಲೆಯ ಹುಣ್ಣು ಹಿಮ್ಮಡಿಯವರೆಗೆ ಹಬ್ಬಿತ್ತು. ಕೊಳವೆಯೊಳಗೆ ಮಲಗಿಸಿ, ಒತ್ತಡ ಏರಿಸಿ, ಬರೀ ಆಮ್ಲಜನಕ ಕೊಟ್ಟರೆ ಮಾಯಬಹುದು ಎಂದಿದ್ದರು ಡಾಕ್ಟರು. ಅವರೇನೂ ಆಣೆ ಮಾಡಿ ಹೇಳಲಿಲ್ಲ. ಹೆಂಡತಿ ಗೌರಮ್ಮ ಮಾತ್ರ ಮಾಯಿತೆಂದೇ ಲೆಕ್ಕ ಹಾಕಿಕೊಂಡಳು.

ಯಂತ್ರ ನಡೆಸುವ ಮೈತ್ರಿ ಮೊದಲ ದಿನವೇ ಬಿಡಿಸಿ ಹೇಳಿದ್ದಳು. "ಅಂಕಲ್, ಒತ್ತಡ ಏರೋವಾಗ ಕಿವಿ ಕಟ್ಕೊಳ್ಳತ್ತೆ. ಉಗುಳು ನುಂಗ್ತಾ ಇರಿ, ಆಕಳಿಸಿ. ಆಗ್ಲೂ ಬಿಡ್ಲಿಲ್ಲ ಅಂದ್ರೆ ಮೂಗು ಹಿಡ್ಕೊಂಡು, ಬಾಯಿ ಮುಚ್ಚಿ ಮೆಲ್ಲಗೆ ಊದಿ. ನೋವಾದ್ರೆ ತಕ್ಷಣ ಕೈ ಎತ್ತಿ, ತಡ್ಕೊಂಡು ಮಲಗ್ಬೇಡಿ. ಆಂಟಿ, ತಲೆಗೆ, ಮೈಗೆ ಎಣ್ಣೆ ಹಚ್ಚಿ ಕರ್ಕೊಂಡು ಬರ್ಬೇಡಿ. ಒಳಗೆ ಬರೀ ಆಕ್ಸಿಜನ್, ಬೆಂಕಿ ಹತ್ಕೊಳ್ಳತ್ತೆ."

ನೋವು ತಡೆದುಕೊಳ್ಳಬೇಡ ಎಂದು ಬೈರಣ್ಣನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಅರೆಕೆರೆಯಲ್ಲಿ ಹೊಲವಿದ್ದ ಕಾಲಕ್ಕೆ, ಕುಡುಗೋಲು ತಾಗಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ರಾಗಿ ಕೊಯ್ದ ಆಸಾಮಿ. ಈಗ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳೆದ್ದಿವೆ, ಹಟ ಮಾತ್ರ ಹಾಗೇ ಇದೆ. ಆ ಶನಿವಾರ ಕೊಳವೆಯಿಂದ ಹೊರಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. ಮೈತ್ರಿ ಕೇಳಿದರೆ "ಏನಿಲ್ಲಮ್ಮ, ಆರಾಮ್" ಎಂದ. ಆಟೋ ಹತ್ತಿದ ಮೇಲೆ ಹೆಂಡತಿಗೆ ನಿಜ ಹೇಳಿದ.

"ಕಿವಿ ಒಳಗೆ ದಬ್ಬಣ ಹಾಕಿ ತಿವಿದಂಗಾಯ್ತು ಕಣೇ. ಯಾರ್ ಹತ್ರಾನೂ ಬಾಯ್ ಬಿಡ್ಬೇಡ. ಇದನ್ನ ನಿಲ್ಲಿಸಿಬಿಟ್ರೆ ಕಾಲು ಹೋಗುತ್ತೆ."

"ನಾನ್ಯಾಕ್ರೀ ಹೇಳ್ಲಿ" ಎಂದಳು ಗೌರಮ್ಮ.

ಭಾನುವಾರ ಚಿಕಿತ್ಸೆಗೆ ರಜೆ. ಅವಳು ಬೆಳ್ಳುಳ್ಳಿ ಜಜ್ಜಿ, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಬೆಚ್ಚಗಿರುವಾಗಲೇ ಗಂಡನ ಕಿವಿಗೆ ಬಿಟ್ಟು ಹತ್ತಿ ಇಟ್ಟಳು. ಮಗಳು ಶಾಲಿನಿಗೂ ಚಿಕ್ಕಂದಿನಲ್ಲಿ ಹೀಗೇ ಬಿಡುತ್ತಿದ್ದಳು. ಗಂಡನ ತಲೆಗೆ ಒಂದು ತೊಟ್ಟು ಎಣ್ಣೆ ಸೋಕಿಸಲಿಲ್ಲ, ಮೈತ್ರಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದಳು. ಕಿವಿಗೆ ಬಿಟ್ಟಿದ್ದು ಅವಳ ಪಾಲಿಗೆ ಎಣ್ಣೆಯೇ ಅಲ್ಲ, ಔಷಧ.

ಸೋಮವಾರ ಮೈತ್ರಿ ಅವನ ಬಳಿ ಬಗ್ಗಿದವಳೇ ಬೆಳ್ಳುಳ್ಳಿ ವಾಸನೆಗೆ ಥಟ್ಟನೆ ನಿಂತಳು. ಕಿವಿ ಡಾಕ್ಟರು ದೀಪ ಹಾಕಿ ನೋಡಿದರು. ಪರದೆ ಊದಿದೆ, ಅದರ ಹಿಂದೆ ರಕ್ತ ಕಟ್ಟಿದೆ, ಮೇಲೆ ಎಣ್ಣೆ ಬೇರೆ, ಇದು ಇಳಿಯುವವರೆಗೆ ಒಳಗೆ ಕಳಿಸುವುದು ಬೇಡ ಎಂದರು. ಮೈತ್ರಿ ಬೈಯಲಿಲ್ಲ. "ಆವತ್ತೇ ಕೈ ಎತ್ತಿದ್ರೆ ಒತ್ತಡ ಸ್ವಲ್ಪ ಇಳಿಸಿ, ಕಿವಿ ಬಿಟ್ಮೇಲೆ ಮುಂದುವರಿಸ್ತಿದ್ದೆ ಅಂಕಲ್. ಟ್ರೀಟ್‌ಮೆಂಟ್ ಯಾರೂ ನಿಲ್ಲಿಸ್ತಿರ್ಲಿಲ್ಲ" ಎಂದಳು, ಅಷ್ಟೇ.

ಕಿವಿ ವಾಸಿಯಾಗುವಷ್ಟರಲ್ಲಿ ಜ್ವರ ಬಂತು, ಪಾದ ಕಪ್ಪಾಯಿತು. ಮೊಣಕಾಲಿನ ಕೆಳಗೆ ತೆಗೆಯದೆ ವಿಧಿಯಿಲ್ಲ ಎಂದರು. ಗೌರಮ್ಮ ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ, ಆ ದಿನಗಳು ತಪ್ಪದೇ ಇದ್ದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದಳು. "ಹೇಳಕ್ಕಾಗಲ್ಲಮ್ಮ" ಎಂದರು. ಹೌದು ಎಂದಿದ್ದರೆ ಎದೆ ಬಡಿದುಕೊಂಡು ಅತ್ತುಬಿಡುತ್ತಿದ್ದಳು. ಇಲ್ಲ ಎಂದಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಪಾಪ, ಅವಳಿಗೆ ಎರಡೂ ದಕ್ಕಲಿಲ್ಲ.

ಆಪರೇಷನ್ನಿಗೆ ಒಯ್ಯುವ ಮೊದಲು ಶಾಲಿನಿ ಮಂಚದ ಪಕ್ಕ ನಿಂತು ಸಿಡುಕಿದಳು. "ಕಿವಿ ನೋವು ಅಂತ ಹೇಳೋದು ಬಿಟ್ಟು ಎಣ್ಣೆ ಬಿಡೋದಾ? ಯಾರು ಬಿಟ್ಟಿದ್ದು ಅದನ್ನ?"

ಗೌರಮ್ಮ ಬಾಯಿ ತೆರೆಯುವಷ್ಟರಲ್ಲಿ ಬೈರಣ್ಣ, "ನಾನೇ ಕಾಯಿಸ್ಕೊಂಡು ಬಿಟ್ಕೊಂಡೆ. ನಿಮ್ಮಮ್ಮಂಗೆ ಏನೂ ಗೊತ್ತಿಲ್ಲ. ಅವಳನ್ನ ಏನೂ ಕೇಳ್ಬೇಡ" ಎಂದ.

ಹುಟ್ಟಿದಾಗಿನಿಂದ ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ! ಅದು ಮಗಳಿಗೂ ಗೊತ್ತು. ಅವಳು ತಾಯಿಯ ಮುಖ ನೋಡಿದಳು.

ಅಲ್ಲ ಎನ್ನಬೇಕಿತ್ತು ಗೌರಮ್ಮ. ಗಂಡನ ಹೊದಿಕೆ ಸರಿಮಾಡುವ ನೆಪದಲ್ಲಿ ಬಗ್ಗಿ, ಇನ್ನು ಸ್ವಲ್ಪ ಹೊತ್ತಿಗೆ ಇಲ್ಲವಾಗುವ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ವಾರ್ಡಿನವರು ಬಂದು ಬಿಡಿಸುವವರೆಗೂ ಬಿಡಲಿಲ್ಲ.